ಜಾಗತಿಕ ಅಧ್ಯಯನ ಮತ್ತು ಡೇಟಾ: ಆನರ್ಸ್ ಓದಿಗೆ ಶಿಡ್ಲಘಟ್ಟದಿಂದಲೇ ತಯಾರಿ

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ನಮ್ಮ ಮನೆಯಲ್ಲಿ ಯಾರೂ ಟೀವಿ ಮುಂದೆ ಕೂತು ಬಜೆಟ್ ಭಾಷಣ ಕೇಳಿರಲಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ರೇಷ್ಮೆ ಹುಳಗಳಿಗೆ ಸೊಪ್ಪು ಹೊಂದಿಸುವುದೇ ಆಗಿತ್ತು. ಆದರೆ 'ಚೀನಾ ರೇಷ್ಮೆ' ಎಂಬ ಮಾತು ಆ ವರ್ಷ ಹುಳದ ಮನೆಯೊಳಗೇ ಬಂತು. ರೇಷ್ಮೆ ಗೂಡು ಮಾರಿ ಬಂದ ಅಪ್ಪ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಎಲ್ಲಾ ಚೀನಾದಿಂದಲೇ ಆಗಿದ್ದು ಅಂದರು.

ದೂರದ ಒಂದು ದೇಶದ ನೂಲು, ದೆಹಲಿಯ ಒಂದು ಸುಂಕ, ನಮ್ಮ ತಟ್ಟೆಯ ಅನ್ನ. ಇವು ಹೇಗೆ ಒಂದಕ್ಕೊಂದು ಗಂಟು ಬಿದ್ದಿವೆ ಎಂದು ಹುಡುಕುವುದು ಜಾಗತಿಕ ಅಧ್ಯಯನ. ಅಪ್ಪ ಹೇಳಿದ್ದು ನಿಜಾನಾ, ನಿಜವಾದರೆ ಎಷ್ಟರ ಮಟ್ಟಿಗೆ ಎಂದು ಲೆಕ್ಕ ಹಾಕಿ ನೋಡುವುದು ಡೇಟಾ ಕೆಲಸ. ಎರಡನ್ನೂ ಸೇರಿಸಿ ಕಲಿಸುವ ಆನರ್ಸ್ ಕೋರ್ಸುಗಳು ಈಗ ಬಂದಿವೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಪಿಯುಸಿ ಮುಗಿಸುತ್ತಿರುವವರು, ಬಿಎ ಮೊದಲ ವರ್ಷದಲ್ಲಿರುವವರು ಅದಕ್ಕೆ ಹೇಗೆ ತಯಾರಾಗಬೇಕು ಎಂದು ಇಲ್ಲಿ ಬರೆದಿದ್ದೇನೆ. ನಾನೂ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿದವನೇ. ಪಿಯುಸಿಯಲ್ಲಿ ಗಣಿತ ಇರಲಿಲ್ಲ.

ಮೊದಲು, ಆನರ್ಸ್ ಅಂದ್ರೆ ಏನು ಅಂತ ತಿಳ್ಕೊಳ್ಳಿ

ಈ ಪದಕ್ಕೆ ದೇಶಕ್ಕೊಂದು ಅರ್ಥ. ಅಮೆರಿಕದಲ್ಲಿ ಅದು ವಿಶ್ವವಿದ್ಯಾಲಯದ ಒಳಗೇ ಇರುವ ಸಣ್ಣ ಗುಂಪು. ಡಿಗ್ರಿ ಎಲ್ಲರಿಗೂ ಕೊಡುವುದೇ, ಜೊತೆಗೆ ಚಿಕ್ಕ ತರಗತಿಗಳು, ಕೊನೆಗೊಂದು ಪ್ರಬಂಧ. ಬ್ರಿಟನ್ನಿನಲ್ಲಿ ಹೆಚ್ಚಿನವರು ಓದುವ ಬಿಎ ಪದವಿಯೇ ಆನರ್ಸ್, ಅದರಲ್ಲಿ ಫಸ್ಟ್, ಸೆಕೆಂಡ್ ಎಂಬ ದರ್ಜೆಗಳಿವೆ. ಆಸ್ಟ್ರೇಲಿಯಾದಲ್ಲಿ ಮೂರು ವರ್ಷದ ಪದವಿ ಮುಗಿಸಿದವರು ಇನ್ನೊಂದು ವರ್ಷ ಸೇರಿ ಓದುವುದನ್ನು ಹಾಗೆ ಕರೆಯುತ್ತಾರೆ.

ನಮ್ಮಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಡಿಸೆಂಬರಿನಲ್ಲಿ ಒಂದು ಚೌಕಟ್ಟು ಕೊಟ್ಟಿತು. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಓದಿನ ಭಾರ ಅಳೆಯುವ ಲೆಕ್ಕ), ನಾಲ್ಕು ವರ್ಷದ ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಥವಾ ಜಾಸ್ತಿ ಬಂದರೆ ನಾಲ್ಕನೇ ವರ್ಷ 'ಸಂಶೋಧನೆ ಸಹಿತ ಆನರ್ಸ್' ತೆಗೆದುಕೊಳ್ಳಬಹುದು. ಅದರಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಕೆಲಸ ಇರುತ್ತದೆ. ನನ್ನ ಪ್ರಕಾರ ಇಡೀ ಆನರ್ಸ್‌ನ ತಿರುಳು ಆ 12 ಕ್ರೆಡಿಟ್.

ಕರ್ನಾಟಕದ ಕತೆ ಸ್ವಲ್ಪ ಬೇರೆ. ಇಲ್ಲಿ 2021-22ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024-25ರಿಂದ ಸೇರಿದವರಿಗೆ ಸರ್ಕಾರ ಮತ್ತೆ ಮೂರು ವರ್ಷದ ಪದವಿ ಮಾಡಿತು. ನಮ್ಮ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ಬರುವುದು 2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ. ತುಮಕೂರಿನವರಿಗೆ 2004ರಲ್ಲಿ ಶುರುವಾದ ಅವರದೇ ವಿಶ್ವವಿದ್ಯಾಲಯ ಇದೆ. ಎರಡೂ ರಾಜ್ಯದ ನಿಯಮದಂತೆ ನಡೆಯುವಂಥವು. ಹಾಗಾಗಿ ಮೊದಲು ನಿಮ್ಮ ಕಾಲೇಜಿನ ಆಫೀಸಿನಲ್ಲಿ, ನೀವು ಸೇರಿದ ವರ್ಷಕ್ಕೆ ಯಾವ ನಿಯಮ ಎಂದು ಕೇಳಿ. ಅಣ್ಣನ ಬ್ಯಾಚಿನ ನಿಯಮ ನಿಮ್ಮದಲ್ಲ.

ದಾರಿ ಯಾವುದು?

ಮೂರು ದಾರಿ ಕಾಣುತ್ತವೆ.

ಒಂದು, ಪಿಯುಸಿ ಮುಗಿದ ಕೂಡಲೇ ನಾಲ್ಕು ವರ್ಷದ ಆನರ್ಸ್ ಇರುವ ಕಡೆ ಹೋಗುವುದು. ದೆಹಲಿ ವಿಶ್ವವಿದ್ಯಾಲಯದಂಥ ಕೇಂದ್ರೀಯ ಸಂಸ್ಥೆಗಳಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡದಲ್ಲೂ ಬರೆಯಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ಪರೀಕ್ಷೆ ಕನ್ನಡದಲ್ಲಿ ಅಂದ ಮಾತ್ರಕ್ಕೆ ಪಾಠ ಕನ್ನಡದಲ್ಲಿ ಇರುವುದಿಲ್ಲ, ಅದೂ ನೆನಪಿರಲಿ. ಹತ್ತಿರದಲ್ಲೇ ಬೇಕು ಅಂದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಸಮಾಜ ವಿಜ್ಞಾನದ ನಾಲ್ಕು ವರ್ಷದ ಬಿಎ ಆನರ್ಸ್ ಇದೆ. ಅವರದೇ ಪ್ರವೇಶ ಪರೀಕ್ಷೆ, ಸಂದರ್ಶನ. ಮನೆಯ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ.

ಎರಡು, ಊರಿನ ಸರ್ಕಾರಿ ಕಾಲೇಜಿನಲ್ಲೇ ಮೂರು ವರ್ಷದ ಬಿಎ ಮಾಡುತ್ತಾ, ಡೇಟಾ ಭಾಗವನ್ನು ಪಕ್ಕದಲ್ಲಿ ಕಲಿಯುವುದು. ಐಐಟಿ ಮದ್ರಾಸ್ 2020ರಲ್ಲಿ ಆನ್‌ಲೈನ್ ಡೇಟಾ ಸೈನ್ಸ್ ಪದವಿ ಶುರು ಮಾಡಿತು. ಇದಕ್ಕೆ ಜೆಇಇ ಬೇಡ. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿ ಪಿಯುಸಿ ಪಾಸಾಗಿದ್ದರೆ ಸಾಕು. ಮೊದಲು ನಾಲ್ಕು ವಾರ ಪಾಠ ಕೇಳಿ, ಅಸೈನ್‌ಮೆಂಟ್ ಮಾಡಿ, ಅರ್ಹತಾ ಪರೀಕ್ಷೆ ಪಾಸಾಗಬೇಕು. ಮೊದಲ ಹಂತದಲ್ಲಿ 8 ವಿಷಯ: ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು, ಇಂಗ್ಲಿಷ್ ಎರಡು, ಕಂಪ್ಯೂಟರಿನಂತೆ ಯೋಚಿಸುವುದು ಒಂದು, ಪೈಥಾನ್ (ಕೋಡ್ ಬರೆಯುವ ಒಂದು ಭಾಷೆ) ಒಂದು. ಬಡ ಕುಟುಂಬದವರಿಗೆ, ಪರಿಶಿಷ್ಟರಿಗೆ ಶೇ. 75ರವರೆಗೆ ಫೀಸ್ ವಿನಾಯಿತಿ ಇದೆ. ಒಂದೇ ಸಮಯಕ್ಕೆ ಎರಡು ಪದವಿ ಮಾಡಲು ಯುಜಿಸಿ 2022ರಲ್ಲೇ ಒಪ್ಪಿದೆ. ಅಷ್ಟು ಭಾರ ಬೇಡ ಅಂದರೆ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಬಿಡಿ ಕೋರ್ಸುಗಳಿವೆ. ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ.

ಮೂರು, ಬಿಎ ಮುಗಿಸಿ ಹೊರದೇಶದಲ್ಲಿ ಮಾಸ್ಟರ್ಸ್. ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ. ಅಮೆರಿಕದಲ್ಲಿ ಕೆಲವು ಕಡೆ ಒಟ್ಟು 16 ವರ್ಷದ ಓದು ಕೇಳುತ್ತಾರೆ. ಅಂದರೆ ಪಿಯುಸಿ ಮೇಲೆ ನಾಲ್ಕು ವರ್ಷ.

ಹೆಚ್ಚಿನವರಿಗೆ ನಾನು ಹೇಳುವುದು ಎರಡನೇ ದಾರಿ. ಖರ್ಚು ಕಡಿಮೆ. ಮನೆಯಲ್ಲಿ ಹುಳ ಇದ್ದರೆ, ಹಸು ಇದ್ದರೆ, ಅದನ್ನೂ ನೋಡಿಕೊಳ್ಳಬಹುದು. ಆದರೆ ಅಲ್ಲಿ ನಿಮ್ಮನ್ನು ಎಬ್ಬಿಸಿ ಕೂರಿಸುವವರು ಯಾರೂ ಇರುವುದಿಲ್ಲ. ಸೊಪ್ಪು ಹಾಕಿ ಬಂದು ಕೂತರೆ ಕಣ್ಣು ಮುಚ್ಚಿಕೊಳ್ಳುತ್ತದೆ. ನನಗೆ ಬೆಳಗಿನ ಐದರಿಂದ ಏಳು ಒಗ್ಗಿತು, ನಿಮಗೆ ಯಾವುದು ಒಗ್ಗುತ್ತೋ ನೋಡಿಕೊಳ್ಳಿ.

ಕೋರ್ಸಿನ ಹೆಸರು ನೋಡಿ ಮರುಳಾಗಬೇಡಿ. 'ಗ್ಲೋಬಲ್', 'ಅನಲಿಟಿಕ್ಸ್' ಎಂದು ಬ್ರೋಷರ್‌ನಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಸಿಲಬಸ್ ಪಿಡಿಎಫ್ ತೆರೆಯಿರಿ. ಸಂಖ್ಯಾಶಾಸ್ತ್ರ ಎಷ್ಟು ಸೆಮಿಸ್ಟರ್ ಇದೆ? ವಾರಕ್ಕೆ ಎಷ್ಟು ಗಂಟೆ ಲ್ಯಾಬ್? ಜಾಗತಿಕ ಅನ್ನುವುದರಲ್ಲಿ ಆಫ್ರಿಕಾ, ಆಗ್ನೇಯ ಏಷ್ಯಾ ಇವೆಯಾ, ಇಲ್ಲ ಬರೀ ಅಮೆರಿಕ-ಯೂರೋಪ್ ಮಾತ್ರವಾ? ಮುಖ್ಯವಾಗಿ, ಕೊನೆಯ ವರ್ಷದ ಪ್ರಬಂಧಕ್ಕೆ ಗೈಡ್ ಆಗುವವರು ಯಾರು? ಇದನ್ನು ಅಡ್ಮಿಷನ್ ಕೌಂಟರಿನಲ್ಲಿ ಕೇಳಬೇಡಿ, ಅಲ್ಲಿ ಓದುತ್ತಿರುವ ಸೀನಿಯರ್ ಒಬ್ಬರನ್ನು ಹುಡುಕಿ ಕೇಳಿ.

ಕೋರ್ಸಿಗಿಂತ ಮೊದಲು ಪ್ರಶ್ನೆ

ನೂರು ಗಂಟೆ ಪೈಥಾನ್ ವಿಡಿಯೊ ನೋಡಿ ಏನೂ ಮಾಡಲಾಗದೆ ಕೂತವರನ್ನು ನಾನು ಬಲ್ಲೆ. ಅವರ ಹತ್ತಿರ ಸಲಕರಣೆ ಇತ್ತು, ಪ್ರಶ್ನೆ ಇರಲಿಲ್ಲ. ನೀವು ಪ್ರಶ್ನೆಯಿಂದ ಶುರು ಮಾಡಿ. ಅದು ನಿಮ್ಮ ಊರಿನದಾಗಿರಲಿ, ಆದರೆ ಅದರ ಇನ್ನೊಂದು ತುದಿ ಬೇರೆ ದೇಶದಲ್ಲಿರಲಿ.

ಕೋಲಾರದವರಿಗೆ ಟೊಮೆಟೊ ಇದ್ದೇ ಇದೆ. 2023ರ ಮಧ್ಯದಲ್ಲಿ ಬೆಲೆ ಗಗನಕ್ಕೇರಿದಾಗ ಭಾರತ ನೇಪಾಳದಿಂದ ಟೊಮೆಟೊ ತರಿಸಿತು. ಆ ತಿಂಗಳುಗಳಲ್ಲಿ ಕೋಲಾರದ ಎಪಿಎಂಸಿಯಲ್ಲಿ ಬಾಕ್ಸಿನ ದರ ಹೇಗಿತ್ತು? ತಿಪಟೂರಿನವರಿಗೆ ಕೊಬ್ಬರಿ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು, ಮೇನಲ್ಲಿ ಮತ್ತೆ ಬಿಟ್ಟಿತು. ಅಡುಗೆ ಎಣ್ಣೆ ದುಬಾರಿಯಾದಾಗ ಕೊಬ್ಬರಿಗೆ ಏನಾದರೂ ಲಾಭ ಆಯಿತಾ? ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯವರಿಗೆ ಗುಲಾಬಿ ಈರುಳ್ಳಿ. ಜಿಐ ಟ್ಯಾಗ್, ಅಂದರೆ ಇಂಥ ಜಾಗದ್ದೇ ಎಂಬ ಅಧಿಕೃತ ಗುರುತು ಇರುವ ಬೆಳೆ. ನಾವು ತಿನ್ನುವುದು ಕಡಿಮೆ, ಮಲೇಷ್ಯಾ, ಸಿಂಗಪುರದವರು ತಿನ್ನುವುದು ಜಾಸ್ತಿ. ದೆಹಲಿ ಈರುಳ್ಳಿ ರಫ್ತಿಗೆ ಕಡಿವಾಣ ಹಾಕಿದಾಗೆಲ್ಲ ಇವರಿಗೆ ಏನಾಗುತ್ತದೆ?

ಇವುಗಳಲ್ಲಿ ಯಾವುದಕ್ಕೂ ಉತ್ತರ ಮೊದಲೇ ಗೊತ್ತಿರಬಾರದು. ಗೊತ್ತಿದೆ ಅನ್ನಿಸಿದರೆ ಬೇರೆ ಪ್ರಶ್ನೆ ಹುಡುಕಿ.

ಏನನ್ನು ಯಾವ ಕ್ರಮದಲ್ಲಿ ಕಲಿಯಬೇಕು

ಮೊದಲು ಸ್ಪ್ರೆಡ್‌ಶೀಟ್. ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟೆ ಸಿಗುತ್ತದೆ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ವಾ? ಕಾಲೇಜಿನ ಲ್ಯಾಬ್ ಬಿಟ್ಟರೆ, ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಬಹಳ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ಹೋಗಿ ಕೇಳಿ. ಎರಡು ತಿಂಗಳು ಬರೀ ಇದನ್ನೇ ಮಾಡಿ.

ಜೊತೆಗೆ ಸ್ವಲ್ಪ ಸಂಖ್ಯಾಶಾಸ್ತ್ರ. ಸಂಖ್ಯಾಶಾಸ್ತ್ರ ಅಂದ ಕೂಡಲೇ ಹೆದರಬೇಡಿ, ಅರ್ಧ ನಮ್ಮ ಮಾರುಕಟ್ಟೆಯಲ್ಲೇ ಇದೆ. ಬಿಎ ಎರಡನೇ ವರ್ಷದಲ್ಲಿ ನಾನು ಗೂಡಿನ ಮಾರುಕಟ್ಟೆಯಲ್ಲಿ ನಿಂತು ದರ ಬರೆದುಕೊಳ್ಳುತ್ತಿದ್ದೆ. ಹತ್ತು ಲಾಟಿನ (ಒಟ್ಟಿಗೆ ಹರಾಜಿಗಿಡುವ ಗೂಡಿನ ರಾಶಿ) ದರ ಕೂಡಿಸಿ ಹತ್ತರಿಂದ ಭಾಗಿಸಿ, ಇವತ್ತಿನ ಸರಾಸರಿ ಇಷ್ಟು ಅಂದೆ. ಪಕ್ಕದಲ್ಲಿದ್ದ, ಗೂಡು ಕೊಂಡು ನೂಲು ತೆಗೆಸುವ ರೀಲರ್ ಸಾಹೇಬರು ನನ್ನ ಪುಸ್ತಕ ಇಣುಕಿ ನೋಡಿ ನಕ್ಕರು. "ತೂಕ ಎಲ್ಲಪ್ಪಾ ಬರೆದಿದ್ದೀಯ?" ಅಂದರು.

ಅವರು ಹೇಳಿದ್ದನ್ನು ಲೆಕ್ಕದಲ್ಲಿ ನೋಡಿ. ಒಂದು ಲಾಟು 80 ಕೆಜಿ, ದರ 600 ಅಂತಿಟ್ಟುಕೊಳ್ಳಿ. ಇನ್ನೊಂದು 20 ಕೆಜಿ, ದರ 700. ಸುಮ್ನೆ ಸರಾಸರಿ ಮಾಡಿದರೆ 650. ಆದರೆ ಕೈ ಬದಲಾದ ಹಣ 48,000 ಮತ್ತು 14,000, ಒಟ್ಟು 62,000. ಅದನ್ನು 100 ಕೆಜಿಗೆ ಹಂಚಿದರೆ 620. ಮಾರುಕಟ್ಟೆಯಲ್ಲಿ ನಿಜಕ್ಕೂ ಸಿಕ್ಕ ದರ ಅದು. ಪುಸ್ತಕದಲ್ಲಿ ಇದಕ್ಕೆ ತೂಕದ ಸರಾಸರಿ ಎಂದು ಹೆಸರು. ಸಾಹೇಬರು ಯಾವ ಪುಸ್ತಕವನ್ನೂ ನೋಡಿರಲಿಲ್ಲ, ದಿನಾ ಹರಾಜು ಕೂಗುವವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಇನ್ನೊಂದು, ಎಲ್ಲರೂ ಎಡವುವ ಜಾಗ. ಸುಂಕ 30ರಿಂದ 5ಕ್ಕೆ ಇಳಿದಿದ್ದನ್ನು 'ಶೇ. 25 ಇಳಿಕೆ' ಎಂದು ಬರೆಯುತ್ತಾರೆ. ತಪ್ಪು. ಇಳಿದಿದ್ದು 25 ಶೇಕಡಾ ಅಂಶ. ಮೊದಲಿದ್ದುದಕ್ಕೆ ಹೋಲಿಸಿದರೆ ಇಳಿಕೆ ಶೇ. 83. ಸಂದರ್ಶನದಲ್ಲಿ ಈ ವ್ಯತ್ಯಾಸ ಸರಿಯಾಗಿ ಹೇಳಿದ ಹುಡುಗಿಯನ್ನು ಎದುರಿಗಿದ್ದವರು ತಲೆ ಎತ್ತಿ ನೋಡಿದ್ದನ್ನು ನಾನೇ ಕಂಡಿದ್ದೇನೆ.

ಪೈಥಾನ್ ಅಥವಾ ಆರ್ ಆಮೇಲೆ. ಸ್ಪ್ರೆಡ್‌ಶೀಟಿನಲ್ಲಿ ಒಂದೇ ಕೆಲಸವನ್ನು ಇಪ್ಪತ್ತನೇ ಸಲ ಮಾಡಿ ಬೇಜಾರಾಗುತ್ತದಲ್ಲ, ಆವತ್ತು ಕೋಡ್ ಕಲಿಯಲು ಸರಿಯಾದ ದಿನ. ಗೂಗಲ್ ಕೋಲ್ಯಾಬ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಪೈಥಾನ್ ಬರೆಯಬಹುದು. ಮೊಬೈಲಿನಲ್ಲೂ ಆಗುತ್ತದೆ, ಕಣ್ಣು ನೋಯುತ್ತದೆ ಅಷ್ಟೆ. ಭಾಷೆಯ ಭಯ ಬೇಡ. ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನ ಮಾರುಕಟ್ಟೆಯಲ್ಲಿ ಉರ್ದು ಆಡಿಕೊಂಡೇ ಬೆಳೆದವರು. ಇನ್ನೊಂದು ಭಾಷೆ ಏನು ಮಹಾ?

ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ

ಅಪ್ಪನ ಪ್ರಶ್ನೆಯನ್ನೇ ತಗೊಳ್ಳೋಣ. ಚೀನಾ ರೇಷ್ಮೆ ಜಾಸ್ತಿ ಬಂದಾಗ ಶಿಡ್ಲಘಟ್ಟದಲ್ಲಿ ಗೂಡಿನ ದರ ಇಳಿಯುತ್ತಾ?

ಎರಡು ಕಾಲಂ ಬೇಕು. ಒಂದರಲ್ಲಿ ತಿಂಗಳು ತಿಂಗಳಿನ ಗೂಡಿನ ದರ. ರೇಷ್ಮೆ ಇಲಾಖೆ ಮಾರುಕಟ್ಟೆವಾರು ದಿನದ ದರ ಪ್ರಕಟಿಸುತ್ತದೆ. ಸಿಬಿ (ಮಿಶ್ರತಳಿ) ಗೂಡು, ಬೈವೋಲ್ಟೈನ್ (ದ್ವಿತಳಿ) ಗೂಡು ಎರಡನ್ನೂ ಕಲಸಬೇಡಿ, ದರ ಬೇರೆ ಬೇರೆ. ಇನ್ನೊಂದು ಕಾಲಂನಲ್ಲಿ ಆಮದಾದ ಕಚ್ಚಾ ರೇಷ್ಮೆ ಎಷ್ಟು ಕೆಜಿ ಎಂಬುದು. ಇಲ್ಲಿಂದ ಜಗತ್ತು ಶುರು.

ದೇಶದಿಂದ ದೇಶಕ್ಕೆ ಹೋಗುವ ಪ್ರತಿ ಸರಕಿಗೂ ಎಚ್‌ಎಸ್ ಕೋಡ್ ಇದೆ. ರೇಷ್ಮೆ ಗೂಡಿಗೆ 5001, ಕಚ್ಚಾ ರೇಷ್ಮೆಗೆ 5002, ಟೊಮೆಟೊಗೆ 0702, ಕೊಬ್ಬರಿಗೆ 1203. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಭಾರತ ಎಂಟು ಅಂಕಿಯವರೆಗೆ ಒಡೆಯುತ್ತದೆ. ಇದರಲ್ಲೂ ಗುಂಡಿಗಳಿವೆ. ಆರಂಕಿಯ 070310ರಲ್ಲಿ ಎಲ್ಲ ಈರುಳ್ಳಿಯೂ ಒಂದೇ ಮೂಟೆ. ನಾಸಿಕ್‌ನದೂ ಅದರಲ್ಲೇ, ನಮ್ಮ ಗುಲಾಬಿ ಈರುಳ್ಳಿಯೂ ಅದರಲ್ಲೇ. ಈರುಳ್ಳಿ ಆರಿಸಿಕೊಂಡವರು ಎಂಟಂಕಿಗೆ ಇಳಿಯಲೇಬೇಕು.

ಆಮದಿನ ಲೆಕ್ಕ ಎರಡು ಕಡೆ ಸಿಗುತ್ತದೆ: ಭಾರತದ ವಾಣಿಜ್ಯ ಸಚಿವಾಲಯದ ವ್ಯಾಪಾರ ದತ್ತಾಂಶ, ವಿಶ್ವಸಂಸ್ಥೆಯ ಕಾಮ್‌ಟ್ರೇಡ್. ಎರಡೂ ಉಚಿತ. ನಾನು ಮೊದಲ ಸಲ ಒಂದನ್ನು ಅಲ್ಲಿಂದ, ಒಂದನ್ನು ಇಲ್ಲಿಂದ ತೆಗೆದುಕೊಂಡು ಅಂಟಿಸಿದೆ. ಚಂದದ ಗ್ರಾಫ್ ಬಂತು. ಕಾಲೇಜಿನಲ್ಲಿ ತೋರಿಸಿದೆ. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಈ ವರ್ಷ ಯಾವ ತಿಂಗಳು ಶುರುವಾಗುತ್ತೆ?" ನಮ್ಮ ಸಚಿವಾಲಯದ ವಾರ್ಷಿಕ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಕಾಮ್‌ಟ್ರೇಡ್‌ದು ಜನವರಿಯಿಂದ ಡಿಸೆಂಬರ್. ಮೂರು ತಿಂಗಳು ಜಾರಿದ ಗ್ರಾಫ್ ಇಟ್ಟುಕೊಂಡು ನಾನು ಚೀನಾವನ್ನು ಬೈದಿದ್ದೆ. ಅವತ್ತು ರಾತ್ರಿ ಎಲ್ಲ ಅಳಿಸಿ, ವರ್ಷದ ಬದಲು ತಿಂಗಳ ಲೆಕ್ಕ ತೆಗೆದು ಮತ್ತೆ ಕೂತೆ.

ಇನ್ನೊಂದು ವಿಚಿತ್ರ ಇದೆ. ಚೀನಾ 'ಭಾರತಕ್ಕೆ ಇಷ್ಟು ಕಳಿಸಿದೆ' ಅನ್ನುವ ಮೊತ್ತ, ಭಾರತ 'ಚೀನಾದಿಂದ ಇಷ್ಟು ಬಂತು' ಅನ್ನುವ ಮೊತ್ತ, ಎರಡೂ ತಾಳೆಯಾಗುವುದಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಕುಣಿಯಬೇಡಿ. ಕಳಿಸುವವರು ಹಡಗು ಹತ್ತಿಸುವಾಗಿನ ಬೆಲೆ ಬರೆಯುತ್ತಾರೆ. ಇಳಿಸಿಕೊಳ್ಳುವ ನಾವು ಸಾಗಣೆ, ವಿಮೆ ಸೇರಿಸಿ ಬರೆಯುತ್ತೇವೆ. ಡಿಸೆಂಬರಿನಲ್ಲಿ ಹೊರಟ ಸರಕು ಜನವರಿಯಲ್ಲಿ ಮುಟ್ಟುತ್ತದೆ. ಮಧ್ಯೆ ಬೇರೆ ದೇಶದ ಬಂದರು ಸುತ್ತಿ ಬರುವುದೂ ಉಂಟು. ಇಷ್ಟೆಲ್ಲ ಕಳೆದ ಮೇಲೂ ದೊಡ್ಡ ಅಂತರ ಉಳಿದರೆ, ಆಗ ಅದೇ ಒಂದು ಒಳ್ಳೆಯ ಪ್ರಬಂಧದ ವಿಷಯ.

ಈಗ ಗ್ರಾಫ್ ಮೇಲೆ ಸುಂಕ ಬದಲಾದ ಜಾಗಗಳಲ್ಲಿ ಗೆರೆ ಎಳೆಯಿರಿ. 2011ರಲ್ಲಿ 30ರಿಂದ 5. 2013ರಲ್ಲಿ 5ರಿಂದ 15. 2021ರಲ್ಲಿ 10ರಿಂದ 15. ನೋಡಿದಿರಾ? 2013ರಲ್ಲಿ 15 ಆಗಿದ್ದು 2021ಕ್ಕೆ ಬರುವಷ್ಟರಲ್ಲಿ 10 ಆಗಿದೆ. ನಡುವೆ ಯಾವತ್ತೋ ಇಳಿದಿದೆ ಅಂತಾಯಿತು. ಅದನ್ನು ಹಳೇ ಅಧಿಸೂಚನೆಗಳಲ್ಲಿ ಹುಡುಕುವುದು ನಿಮ್ಮ ಕೆಲಸ. ಇಂಥ ಹುಡುಕಾಟ ಕಲಿತವರಿಗೆ ಆನರ್ಸ್‌ನ ಕೊನೆಯ ವರ್ಷ ಭಾರ ಅನ್ನಿಸುವುದಿಲ್ಲ.

ಗೆರೆ ಎಳೆದ ಮೇಲೂ ತೀರ್ಪು ಕೊಡಬೇಡಿ. ಆಷಾಢದಲ್ಲಿ ಮದುವೆ ಇಲ್ಲ, ಸೀರೆ ಕೊಳ್ಳುವವರು ಕಮ್ಮಿ. ಮಳೆಗಾಲದಲ್ಲಿ ಗೂಡು ಸರಿಯಾಗಿ ಒಣಗದೆ ನೂಲು ಬಿಚ್ಚುವುದು ಕಷ್ಟ, ಆಗಲೂ ದರ ಬೀಳುತ್ತದೆ. ಹಾಗಾಗಿ ಈ ಜುಲೈಯನ್ನು ಹೋದ ಜುಲೈ ಜೊತೆ ಹೋಲಿಸಿ, ಏಪ್ರಿಲ್ ಜೊತೆ ಬೇಡ. 2011ರ ನೂರು ರೂಪಾಯಿ ಇವತ್ತಿನ ನೂರಲ್ಲ, ಹಣದುಬ್ಬರ ಕಳೆದು ನೋಡಿ. ನಾನು ಇದನ್ನೆಲ್ಲ ಮಾಡಿದ ಮೇಲೆ ಅಪ್ಪನ ಮಾತು ಪೂರ್ತಿ ಸುಳ್ಳಾಗಲಿಲ್ಲ, ಪೂರ್ತಿ ನಿಜವೂ ಆಗಲಿಲ್ಲ. ಅಪ್ಪನಿಗೆ ಹೇಳಿದೆ. "ಇದಕ್ಕೆ ಕಾಲೇಜು ಬೇಕಾಯ್ತಾ?" ಅಂದರು.

ಫೈಲುಗಳ ಬಗ್ಗೆ ಒಂದು ಮಾತು. ಇಳಿಸಿಕೊಂಡ ಮೂಲ ಫೈಲನ್ನು ಮುಟ್ಟಬೇಡಿ, ಕಾಪಿ ಮಾಡಿ ಕೆಲಸ ಮಾಡಿ. ತಾರೀಕು ನೋಡಿಕೊಳ್ಳಿ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ಕ್ರಮದಲ್ಲಿ ಹೊಂದಿಸಿದ ಕಂಪ್ಯೂಟರಿಗೆ ಮಾರ್ಚ್ 4. ಒಂದು ವಾರದ ಕೆಲಸ ಇದರಲ್ಲೇ ಹೋಗುತ್ತದೆ.

ಅರ್ಜಿ, ದುಡ್ಡು, ಕಾಗದ ಪತ್ರ

ಅರ್ಜಿಯ ಜೊತೆ 'ಯಾಕೆ ಈ ಕೋರ್ಸ್' ಎಂದು ಒಂದು ಪುಟ ಬರೆಯಲು ಹೇಳುತ್ತಾರೆ. 'ಚಿಕ್ಕಂದಿನಿಂದ ನನಗೆ ಜಗತ್ತಿನ ಬಗ್ಗೆ ಕುತೂಹಲ' ಎಂದು ಶುರು ಮಾಡಿದ್ದರೆ ಆ ಸಾಲು ಹೊಡೆದು ಹಾಕಿ. ನಿಮ್ಮ ಪ್ರಶ್ನೆ, ನೀವು ನೋಡಿದ ಅಂಕಿ, ನೀವು ಮಾಡಿದ ತಪ್ಪು, ಇನ್ನೂ ಗೊತ್ತಾಗದೆ ಉಳಿದದ್ದು. ಇಷ್ಟು ಬರೆದರೆ ಪುಟ ತುಂಬುತ್ತದೆ. ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ. ಸಂದರ್ಶನಕ್ಕೆ ಗ್ರಾಫ್‌ನ ಪ್ರಿಂಟ್ ಒಂದು ತೆಗೆದುಕೊಂಡು ಹೋಗಿ.

ದುಡ್ಡಿಗೆ ಮೊದಲು ಎಸ್‌ಎಸ್‌ಪಿ ಪೋರ್ಟಲ್ ನೋಡಿ, ರಾಜ್ಯದ ಹೆಚ್ಚಿನ ವಿದ್ಯಾರ್ಥಿವೇತನಗಳು ಅಲ್ಲೇ. ಹಿಂದುಳಿದ ವರ್ಗದವರು ವಿದ್ಯಾಸಿರಿ ಬಗ್ಗೆ ಕೇಳಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಹೊರದೇಶಕ್ಕೆ ಹೋಗುವ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ.

ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಎಲ್ಲ ಕಡೆ ಕೇಳುತ್ತಾರೆ. ಆದಾಯ ಪತ್ರದ ಅವಧಿ ಮುಗಿದಿದ್ದರೆ ಅರ್ಜಿ ಶುರುವಾಗುವ ಮೊದಲೇ ನಾಡಕಚೇರಿಗೆ ಹೋಗಿ ಬನ್ನಿ. ಆಮೇಲೆ ಹೆಸರು. ನಮ್ಮ ಕಡೆ ಇನಿಷಿಯಲ್‌ದು ದೊಡ್ಡ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದು ಅಕ್ಷರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಮೂರನ್ನೂ ಈಗಲೇ ಒಟ್ಟಿಗೆ ಹರಡಿಕೊಂಡು ನೋಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿಕೊಳ್ಳುವುದು ಸುಲಭ, ಅದನ್ನು ಬಿಟ್ಟು ಮಾರ್ಕ್ಸ್ ಕಾರ್ಡ್ ತಿದ್ದಿಸಲು ಹೊರಟರೆ ಒಂದು ಸೆಮಿಸ್ಟರ್ ಓಡಾಟಕ್ಕೇ ಹೋಗುತ್ತದೆ.